ನಾಲ್ಕು ಕ್ಯಾನ್ವಾಸು, ಒಂದು ಯಂತ್ರ: ಕಿಂಟೋರ್ ಪ್ರಕರಣ

ಸಿಡ್ನಿಯ ಆರ್ಟ್ ಗ್ಯಾಲರಿ ಆಫ್ ನ್ಯೂ ಸೌತ್ ವೇಲ್ಸ್‌ನಲ್ಲಿ 2000ದ ನವೆಂಬರ್ 11ರಂದು ಒಂದು ಹರಾಜು ನಡೆಯಿತು. ಒಲಿಂಪಿಕ್ಸ್ ಮುಗಿದು ಆರು ವಾರವಷ್ಟೇ ಆಗಿತ್ತು. ಎಲ್ಲರ ಕಣ್ಣಿದ್ದದ್ದು ನಾಲ್ಕು ದೊಡ್ಡ ಕ್ಯಾನ್ವಾಸುಗಳ ಮೇಲೆ. ಕಿಂಟೋರ್ ಊರಿನ ಗಂಡಸರು ಕೂಡಿ ಬರೆದದ್ದೊಂದು, ಅಲ್ಲಿನ ಹೆಂಗಸರು ಕೂಡಿ ಬರೆದದ್ದೊಂದು. ಕಿವಿರ್‌ಕುರಾ ಊರಿನಿಂದಲೂ ಹಾಗೇ ಎರಡು. ಎರಡೂ ಆಸ್ಟ್ರೇಲಿಯಾದ ಪಶ್ಚಿಮ ಮರುಭೂಮಿಯ ಊರುಗಳು. ಇಲ್ಲಿ ಹೆಚ್ಚಿನವರು ಪಿಂಟುಪಿ ಎಂಬ ಮೂಲನಿವಾಸಿ ಜನ. ಹರಾಜು ಮುಗಿಯುವಾಗ ಹತ್ತು ಲಕ್ಷ ಡಾಲರಿಗೂ ಮಿಕ್ಕಿ ಹಣ ಕೂಡಿತ್ತು. ಆ ಹಣದಿಂದ ಆಗಬೇಕಿದ್ದದ್ದು ಒಂದೇ ಕೆಲಸ: ಕಿಡ್ನಿ ಕೆಟ್ಟವರ ರಕ್ತ ಸೋಸುವ ಡಯಾಲಿಸಿಸ್ ಅನ್ನು ಕಿಂಟೋರಿಗೆ ತರುವುದು.

ಆರೋಗ್ಯಕ್ಕಾಗಿ ಬರೆದ ಚಿತ್ರಗಳು ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆ: ಸೊಳ್ಳೆ, ಸಿರಿಂಜು, ಕೈ ತೊಳೆಯುವ ಹುಡುಗಿ. ಈ ನಾಲ್ಕು ಕ್ಯಾನ್ವಾಸುಗಳಲ್ಲಿ ಕಿಡ್ನಿಯಿಲ್ಲ, ಆಸ್ಪತ್ರೆಯಿಲ್ಲ, ರೋಗಿಯಿಲ್ಲ. ಆ ಊರಿನವರು ಕಾಲು ಶತಮಾನದಿಂದ ಬರೆಯುತ್ತಿದ್ದದ್ದನ್ನೇ ಈ ಸಲವೂ ಬರೆದರು: ತಮ್ಮ ಸೀಮೆಯ ನೀರಿನ ತಾಣಗಳು, ಮರಳದಿಬ್ಬಗಳು, ಪೂರ್ವಿಕರು ನಡೆದ ದಾರಿಗಳು. ಹಾಗಾದರೆ ರೋಗಕ್ಕೂ ಈ ಚಿತ್ರಕ್ಕೂ ಏನು ನಂಟು? ಹಣದ ನಂಟು ಎದ್ದು ಕಾಣುತ್ತದೆ. ಅದರ ಹಿಂದೆ ಇನ್ನೊಂದಿದೆ, ಅದಕ್ಕಾಗಿಯೇ ಈ ಪ್ರಕರಣವನ್ನು ಆರಿಸಿಕೊಂಡೆ.

ಮೊದಲು ಒಂದು ಮಾತು. ಮಧ್ಯ ಆಸ್ಟ್ರೇಲಿಯಾದಲ್ಲಿ ತೀರಿಕೊಂಡವರ ಹೆಸರನ್ನು ಎತ್ತುವುದಿಲ್ಲ. ಬದುಕಿರುವ ಯಾರಿಗಾದರೂ ಅದೇ ಹೆಸರಿದ್ದರೆ ಅವರನ್ನೂ ‘ಕುಮಂಜಯಿ’ ಎಂದು ಕರೆದುಬಿಡುತ್ತಾರೆ. ಈ ಕಥೆಯ ಕಲಾವಿದರಲ್ಲಿ ಬಹುಪಾಲು ಮಂದಿ ಈಗಿಲ್ಲ. ಅವರ ಹೆಸರುಗಳು ಮ್ಯೂಸಿಯಂ ಕ್ಯಾಟಲಾಗುಗಳಲ್ಲಿ ಸಿಗುತ್ತವೆ. ಇಲ್ಲಿ ನಾನು ಎತ್ತುವುದಿಲ್ಲ.

ಕಿಂಟೋರ್ ಇರುವುದು ಆಲಿಸ್ ಸ್ಪ್ರಿಂಗ್ಸ್ ಪಟ್ಟಣದಿಂದ ಪಶ್ಚಿಮಕ್ಕೆ ಐನೂರು ಕಿಲೋಮೀಟರಿಗೂ ಆಚೆ, ನಾರ್ದರ್ನ್ ಟೆರಿಟರಿಯ ಗಡಿಯ ಹತ್ತಿರ. ಹಾದಿಯ ಬಹುಪಾಲು ಕೆಮ್ಮಣ್ಣಿನದು. ಮಳೆ ಬಂದರೆ ರಸ್ತೆಯೇ ಇಲ್ಲ. 1889ರಲ್ಲಿ ಆ ಕಡೆ ಸುತ್ತಿದ ಬಿಳಿಯ ಅನ್ವೇಷಕನೊಬ್ಬ ಅಲ್ಲಿನ ಬೆಟ್ಟಸಾಲಿಗೆ ದಕ್ಷಿಣ ಆಸ್ಟ್ರೇಲಿಯಾದ ಆಗಿನ ಗವರ್ನರ್ ಅರ್ಲ್ ಆಫ್ ಕಿಂಟೋರ್ ಹೆಸರಿಟ್ಟ. ಊರಿನವರಿಗೆ ಅದು ವಲುಂಗುರು. ಕಿವಿರ್‌ಕುರಾ ಇನ್ನೂ ಪಶ್ಚಿಮಕ್ಕೆ, ಆಲಿಸ್‌ನಿಂದ ಸುಮಾರು 700 ಕಿಲೋಮೀಟರ್, ಗಡಿ ದಾಟಿ ವೆಸ್ಟರ್ನ್ ಆಸ್ಟ್ರೇಲಿಯಾ ರಾಜ್ಯದಲ್ಲಿ. ಈ ಗಡಿಯ ಮಾತು ಮುಂದೆ ಬರುತ್ತದೆ.

ಈ ಜನಕ್ಕೆ ಊರು ಬಿಡುವುದೇನೂ ಹೊಸತಲ್ಲ. 1930ರ ದಶಕದಿಂದಲೇ ಬರಗಾಲಕ್ಕೋ ಹಿಟ್ಟು ಸಕ್ಕರೆಯ ಆಸೆಗೋ ಕುಟುಂಬಗಳು ಪೂರ್ವಕ್ಕೆ ನಡೆದವು. 1960ರ ದಶಕದಲ್ಲಿ ವೂಮೆರಾ ಎಂಬ ಉಡಾವಣಾ ಕೇಂದ್ರದಿಂದ ಹಾರಿಸುತ್ತಿದ್ದ ರಾಕೆಟ್‌ಗಳು ಈ ಮರುಭೂಮಿಯ ಮೇಲೆ ಹಾದುಹೋಗುತ್ತಿದ್ದವು. ಉಳಿದವರನ್ನು ಸರ್ಕಾರಿ ತಂಡಗಳು ಟ್ರಕ್ಕಿನಲ್ಲಿ ಕೂರಿಸಿ ಪಪುನ್ಯಾ ಎಂಬ ವಸಾಹತಿಗೆ ತಂದವು. ನಾಲ್ಕೈದು ಭಾಷೆಗಳವರನ್ನು ಒಂದೇ ಕಡೆ ಗುಡ್ಡೆ ಹಾಕಿದ ಜಾಗ ಅದು. ಊಟಕ್ಕೆ ಸಾಮೂಹಿಕ ಅಡುಗೆಮನೆ, ಉಳಿದಂತೆ ರೇಷನ್ ಹಿಟ್ಟು, ಸಕ್ಕರೆ, ಟೀ. ಬಂದ ಪಿಂಟುಪಿಗಳಲ್ಲಿ ತುಂಬ ಜನ ಕೆಲವೇ ವರ್ಷಗಳಲ್ಲಿ ಸತ್ತರು. ಬದುಕಿದವರು ಪಶ್ಚಿಮದ ಕಡೆ ಮುಖ ಮಾಡಿ ಕೂತರು.

ಅಲ್ಲಿಗೆ 1971ರಲ್ಲಿ ಜೆಫ್ರಿ ಬಾರ್ಡನ್ ಎಂಬ ಮೇಷ್ಟ್ರು ಬಂದರು. ಶಾಲೆಯ ಗೋಡೆಯ ಮೇಲೆ ಹಿರಿಯರು ಜೇನಿರುವೆಯ ಕಥೆಯನ್ನು ಬರೆದರು. ಹೊಟ್ಟೆಯಲ್ಲಿ ಸಿಹಿ ತುಂಬಿಕೊಳ್ಳುವ ಆ ಇರುವೆಯ ತಾಣವೇ ಪಪುನ್ಯಾ. ಕೆಲವು ವರ್ಷ ಕಳೆಯುವಷ್ಟರಲ್ಲಿ ಆ ಗೋಡೆಗೆ ಬಣ್ಣ ಬಳಿದು ಚಿತ್ರವನ್ನು ಮುಚ್ಚಿಬಿಟ್ಟರು. ಆದರೆ ಕೈಗಳು ನಿಲ್ಲಲಿಲ್ಲ. ಮರದ ಹಲಗೆ, ಕಿತ್ತ ಬೋರ್ಡು, ಏನು ಸಿಕ್ಕಿದರೂ ಅದರ ಮೇಲೆ ಬರೆದರು. 1972ರಲ್ಲಿ ಪಪುನ್ಯಾ ಟುಲಾ ಆರ್ಟಿಸ್ಟ್ಸ್ ಎಂಬ ಕಂಪನಿಯಾಯಿತು. ಅದರ ಷೇರುದಾರರು ಕಲಾವಿದರೇ. 1976ರ ಭೂಹಕ್ಕು ಕಾಯ್ದೆಯ ಬಳಿಕ, 1981ರಲ್ಲಿ, ಪಿಂಟುಪಿಗಳು ಪಶ್ಚಿಮಕ್ಕೆ ವಾಪಸು ಹೊರಟರು. ಬೋರ್‌ವೆಲ್ ಕೊರೆಸಿದ್ದ ವಲುಂಗುರುವಿನಲ್ಲಿ ತಗಡು, ಟಾರ್ಪಾಲು ಕಟ್ಟಿ ನೆಲೆನಿಂತರು. ಹತ್ತು ವರ್ಷ ಚಿತ್ರದಲ್ಲಿ ಬರೆದುಕೊಂಡೇ ಇದ್ದ ಊರಿಗೆ ಕಾಲಿಟ್ಟ ದಿನವದು.

ಈಗ ಒಂದು ಕ್ಯಾನ್ವಾಸಿನ ಹತ್ತಿರ ಹೋಗೋಣ. ನಾಲ್ಕರಲ್ಲಿ ಒಂದಲ್ಲ, ಈ ಊರಿನ ಗಂಡಸರು ಬರೆಯುವ ‘ಟಿಂಗಾರಿ’ ಬಗೆಯ ಯಾವುದೇ ಒಂದು. ಟಿಂಗಾರಿ ಎಂದರೆ ಈ ಸೀಮೆಯಲ್ಲಿ ನಡೆದು ಹೋದ ಪೂರ್ವಿಕರ ಗುಂಪು. ಅದನ್ನು ಗೋಡೆಗೆ ಒರಗಿಸಿ ಬರೆಯುವುದಿಲ್ಲ, ನೆಲದ ಮೇಲೆ ಹಾಸುತ್ತಾರೆ. ಬರೆಯುವವರು ಪಕ್ಕದಲ್ಲೋ ಮೇಲೆಯೋ ಕಾಲು ಮಡಚಿ ಕೂರುತ್ತಾರೆ. ಹೀಗಾಗಿ ಚಿತ್ರಕ್ಕೆ ಮೇಲು ಕೆಳಗು ಇರುವುದಿಲ್ಲ. ಯಾವ ಕಡೆಯಿಂದ ಕೂತರೆ ಅದೇ ಬುಡ. ಮೊದಲು ಕಪ್ಪು ಅಥವಾ ಕೆಮ್ಮಣ್ಣಿನ ಬಣ್ಣದ ಹಿನ್ನೆಲೆ. ಅದರ ಮೇಲೆ ಒಂದರೊಳಗೊಂದು ವೃತ್ತ, ನೀರಿಗೆ ಕಲ್ಲು ಹಾಕಿದಾಗ ಏಳುವ ಬಳೆಗಳ ಹಾಗೆ. ವೃತ್ತದಿಂದ ವೃತ್ತಕ್ಕೆ ಗೆರೆಗಳು. ಆಮೇಲೆ ಕಡ್ಡಿಯ ತುದಿಯನ್ನು ಬಣ್ಣಕ್ಕೆ ಅದ್ದಿ ಅದ್ದಿ ಗೆರೆಯ ಅಂಚಿಗೆ, ವೃತ್ತದ ಅಂಚಿಗೆ ಚುಕ್ಕಿ. ಒಂದು ಚುಕ್ಕಿಯ ಮಗ್ಗುಲಲ್ಲಿ ಇನ್ನೊಂದು, ಕೆಲವು ಕಡೆ ಒಂದಕ್ಕೊಂದು ತಾಗಿ ಕೂಡಿಕೊಂಡು ಸಾಲೇ ಆಗುತ್ತವೆ. ಹೀಗೆ ದಿನಗಟ್ಟಲೆ. ಬಾಯಿ ಸುಮ್ಮನಿರುವುದಿಲ್ಲ, ಆ ಜಾಗದ ಹಾಡನ್ನು ಗುನುಗುತ್ತಲೇ ಬರೆಯುವವರಿದ್ದಾರೆ.

ರಂಗೋಲಿ ನೋಡಿ ಬೆಳೆದ ನಮಗೆ ಚುಕ್ಕಿ ಕಂಡಕೂಡಲೇ ‘ನಮ್ಮದರ ಹಾಗೇ ಇದೆ’ ಅನ್ನಿಸುತ್ತದೆ. ಇಲ್ಲ. ನಮ್ಮಲ್ಲಿ ಚುಕ್ಕಿ ಮೊದಲು, ಗೆರೆ ಆಮೇಲೆ. ಗೆರೆಗೆ ಆಧಾರ ಚುಕ್ಕಿ. ಇಲ್ಲಿ ಗೆರೆ ಮೊದಲು, ಚುಕ್ಕಿ ಅದರ ಸುತ್ತ, ಎಷ್ಟೋ ಸಲ ಅದರ ಮೇಲೆ. ಮೊದಮೊದಲಿನ ಹಲಗೆಗಳಲ್ಲಿ ದೀಕ್ಷೆಯಾದ ಗಂಡಸರಷ್ಟೇ ನೋಡಬೇಕಾದ ವಸ್ತುಗಳು ಬಯಲಾಗಿಬಿಟ್ಟಿದ್ದವು. ಅಕ್ಕಪಕ್ಕದ ಜನ ಸಿಟ್ಟಾದರು. ಆಮೇಲಿನ ಚಿತ್ರಗಳಲ್ಲಿ ಆ ಆಕಾರಗಳು ಮರೆಯಾಗಿ ಚುಕ್ಕಿ ದಟ್ಟವಾಯಿತು. ಅಲಂಕಾರವೆಂದು ಲೋಕ ಮೆಚ್ಚಿದ್ದರಲ್ಲಿ ಒಂದು ಪಾಲು ಮುಚ್ಚಳ.

ಪ್ರವಾಸಿ ಅಂಗಡಿಗಳಲ್ಲಿ ಇದರ ಸಂಕೇತಪಟ್ಟಿ ಸಿಗುತ್ತದೆ: ವೃತ್ತ ಎಂದರೆ ನೀರಿನ ಹೊಂಡ, ಕುದುರೆಲಾಳದ ಆಕಾರ ಎಂದರೆ ಕೂತ ಮನುಷ್ಯ, ಅದರ ಪಕ್ಕ ಕೋಲಿದ್ದರೆ ಹೆಂಗಸು, ಈಟಿಯಿದ್ದರೆ ಗಂಡಸು, ಮೊಟ್ಟೆಯಾಕಾರ ಎಂದರೆ ಮರದ ಬೋಗುಣಿ. ಪಟ್ಟಿ ಸುಳ್ಳಲ್ಲ. ಕುದುರೆಲಾಳ ಎಂದು ನಾವು ಹೇಳುವುದು ನಿಜಕ್ಕೂ ಮರಳಿನಲ್ಲಿ ಕಾಲು ಮಡಚಿ ಕೂತೆದ್ದಾಗ ಉಳಿಯುವ ಅಚ್ಚು. ಹೆಂಗಸರು ಮಕ್ಕಳಿಗೆ ಕಥೆ ಹೇಳುತ್ತಾ ಬೆರಳಿನಿಂದ ಮರಳಲ್ಲಿ ಗೀರುವ ಗುರುತೂ ಅದೇ. ಆದರೆ ಪಟ್ಟಿ ಹಿಡಿದು ಚಿತ್ರ ಓದಹೊರಟರೆ, ಅಕ್ಷರಮಾಲೆ ಕಲಿತು ವಚನ ಅರ್ಥಮಾಡಿಕೊಳ್ಳಹೊರಟಂತೆ. ಒಂದೇ ವೃತ್ತ ಒಂದು ಕಡೆ ನೀರು, ಒಂದು ಕಡೆ ಬೆಂಕಿ, ಒಂದು ಕಡೆ ಬಿಡಾರ, ಒಂದು ಕಡೆ ಬೆಟ್ಟ. ಯಾವುದು ಎಂಬುದನ್ನು ಹೇಳುವ ಹಕ್ಕು ಇರುವವರು ಹೇಳಬೇಕು. ಟಿಂಗಾರಿ ಚಿತ್ರಗಳ ಜೊತೆ ಕಂಪನಿ ಕೊಡುವ ಪ್ರಮಾಣಪತ್ರದಲ್ಲಿ ಜಾಗದ ಹೆಸರು ಇರುತ್ತದೆ. ಆಮೇಲೆ, ಇದು ಗುಪ್ತ ಸ್ವರೂಪದ್ದಾದ್ದರಿಂದ ಹೆಚ್ಚಿನ ವಿವರ ಕೊಟ್ಟಿಲ್ಲ ಎಂಬ ಅರ್ಥದ ಸಾಲು. ಲಕ್ಷಗಟ್ಟಲೆ ಕೊಟ್ಟು ಕೊಂಡವನಿಗೂ ಅಷ್ಟೇ.

ಹಕ್ಕು ಎಲ್ಲಿಂದ ಬರುತ್ತದೆ? ಎರಡು ಪಿಂಟುಪಿ ಪದಗಳು ಗೊತ್ತಾಗಬೇಕು. ಮೊದಲನೆಯದು ಙುರ. ನಮ್ಮ ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಕೂತಿರುವ ಙಕಾರಕ್ಕೆ ಇಲ್ಲಿ ಪದದ ಮೊದಲಲ್ಲೇ ಕೆಲಸ ಸಿಕ್ಕಿದೆ. ರಾತ್ರಿ ಬೆಂಕಿ ಹಾಕಿ ಮಲಗಿದ ಜಾಗ ಙುರ. ಮನೆಯೂ ಙುರ. ಪೂರ್ವಿಕರು ನಡೆದು, ಕೂತು, ಬೇಟೆಯಾಡಿ, ಜಗಳಾಡಿ ಉಂಟುಮಾಡಿದ ಇಡೀ ಸೀಮೆಯೂ ಙುರ. ಆ ಸೃಷ್ಟಿಕಾಲದ ನಡಿಗೆ ಮತ್ತು ಅದರಿಂದ ಬಂದ ಕಟ್ಟಳೆಗೆ ಜುಕುರ್ಪ ಎನ್ನುತ್ತಾರೆ. ಎರಡನೆಯ ಪದ ವಲ್ಜ. ನೆಂಟರು, ತನ್ನವರು, ತನ್ನದು ಎಂಬ ಮೂರೂ ಅರ್ಥ ಅದಕ್ಕಿದೆ. ನಮ್ಮ ಹಳ್ಳಿಗಳ ‘ನಮ್ಮೋರು’ ಅದಕ್ಕೆ ಬಲು ಹತ್ತಿರ. ವಲ್ಜ ಯಾರು ಎಂಬುದಕ್ಕೆ ಎಂಟು ಬಳಿಗಳ ಲೆಕ್ಕವೂ ಇದೆ. ಗಂಡಸಿಗೆ ಜಂಪಿಜಿನ್ಪ ಆದರೆ ಅಕ್ಕತಂಗಿಯರಿಗೆ ನಂಪಿಜಿನ್ಪ. ಜುಪುರುಲ ಆದರೆ ನಪುರುಲ. ಗೋತ್ರದ ಹಾಗೆ ಅಪ್ಪನದೇ ಮಗನಿಗೆ ಬರುವುದಿಲ್ಲ. ಅಪ್ಪನದೊಂದು, ಮಗನದಿನ್ನೊಂದು, ಮೊಮ್ಮಗನಿಗೆ ತಿರುಗಿ ಅಜ್ಜನದು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ನಮಗೆ ಇದು ಅಷ್ಟೇನೂ ವಿಚಿತ್ರ ಅನ್ನಿಸಬಾರದು.

ಹುಟ್ಟಿದ ಜಾಗ, ಅಪ್ಪನ ಜಾಗ, ಅಮ್ಮನ ಕಡೆಯ ಜಾಗ, ಹತ್ತಿರದವರು ಸತ್ತ ಜಾಗ ಇವುಗಳಿಂದ ಒಬ್ಬರಿಗೆ ಒಂದು ಙುರದ ಮೇಲೆ ಹಕ್ಕು ಬರುತ್ತದೆ. ಆದರೆ ಹಕ್ಕು ಪತ್ರದಲ್ಲಿ ಇರುವುದಲ್ಲ, ನಡೆಸಿಕೊಂಡು ಬರಬೇಕಾದ್ದು. ಆ ಜಾಗಕ್ಕೆ ಹೋಗಬೇಕು, ಹಾಡಬೇಕು, ಎಳೆಯರನ್ನು ಕರೆದೊಯ್ದು ತೋರಿಸಬೇಕು. ಹಿರಿಯರು ಹೀಗೆ ಎಳೆಯರನ್ನೂ ನೆಲವನ್ನೂ ‘ಹಿಡಿದುಕೊಂಡಿರುತ್ತಾರೆ’ ಎಂಬುದು ಪಿಂಟುಪಿ ಮಾತು. ಮಗುವನ್ನು ಎದೆಗವಚಿ ಹಿಡಿದುಕೊಳ್ಳುವುದಕ್ಕೂ ಅದೇ ಕ್ರಿಯಾಪದ.

ಈಗ ರೋಗಕ್ಕೆ ಬರೋಣ.

ಮಧ್ಯ ಆಸ್ಟ್ರೇಲಿಯಾದ ಮೂಲನಿವಾಸಿಗಳಲ್ಲಿ ಕಿಡ್ನಿ ಕೆಡುವ ಪ್ರಮಾಣ ಜಗತ್ತಿನಲ್ಲೇ ಅತಿ ಹೆಚ್ಚಿನದರಲ್ಲಿ ಒಂದು. ಕಾರಣ ಒಂದಲ್ಲ. ಸಕ್ಕರೆ ಕಾಯಿಲೆ, ಬಿಪಿ ಎಲ್ಲರಿಗೂ ಗೊತ್ತಿರುವಂಥವು. ಅದರ ಹಿಂದೆ ಹುಟ್ಟುವಾಗಲೇ ಕಡಿಮೆ ತೂಕ, ಹಾಗಾಗಿ ಕಿಡ್ನಿಯಲ್ಲಿ ಸೋಸುವ ಘಟಕಗಳೇ ಕಡಿಮೆ. ಮೂರು ಕೋಣೆಯ ಮನೆಯಲ್ಲಿ ಹದಿನೈದು ಜನ ಇದ್ದಾಗ ಮಕ್ಕಳಿಗೆ ಕಜ್ಜಿ. ಕಜ್ಜಿ ಕೆರೆದು ಹುಣ್ಣಾದಲ್ಲಿ ಸ್ಟ್ರೆಪ್ಟೊಕಾಕಸ್ ಸೋಂಕು. ಆ ಸೋಂಕು ಮತ್ತೆ ಮತ್ತೆ ಬಂದರೆ ಕಿಡ್ನಿಗೆ ಏಟು. ಪಪುನ್ಯಾದ ರೇಷನ್ ಅಂಗಡಿಯಿಂದ ಡಯಾಲಿಸಿಸ್ ಕುರ್ಚಿಯವರೆಗೆ ಒಂದು ಗೆರೆ ಎಳೆಯಬಹುದು, ಅಷ್ಟು ನೇರ ಇದೆ.

ಡಯಾಲಿಸಿಸ್ ಕೋಣೆಯ ಹೊರಗೆ ಕಾದು ಕೂತವರಿಗೆ ಬಿಡಿಸಿ ಹೇಳಬೇಕಿಲ್ಲ. ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕೈದು ಗಂಟೆ. ಎರಡು ಮೂರು ಸರದಿ ತಪ್ಪಿದರೆ ಉಸಿರು ಕಟ್ಟುತ್ತದೆ. ಬೆಂಗಳೂರಿನಲ್ಲಿದ್ದರೆ ಆಟೊ ಹಿಡಿದು ಹೋಗಿ ಬರಬಹುದು. ಕಿಂಟೋರಿನಲ್ಲಿದ್ದರೆ? 2000ದ ಆಸುಪಾಸಿನಲ್ಲಿ ಉತ್ತರ ಒಂದೇ: ಆಲಿಸ್ ಸ್ಪ್ರಿಂಗ್ಸಿಗೆ ಹೋಗು, ಸಾಯುವ ತನಕ ಅಲ್ಲೇ ಇರು.

ಆಲಿಸ್ ಸ್ಪ್ರಿಂಗ್ಸ್ ಅರೆರ್ನ್ಟ ಜನರ ಸೀಮೆ. ಪಿಂಟುಪಿಗೆ ಅದು ಪರರ ಙುರ. ಅಲ್ಲಿ ಅವರು ಅತಿಥಿ. ಬೆಂಕಿ ಹಾಕಲೂ ಬೇಟೆಯಾಡಲೂ ಯಾರನ್ನೋ ಕೇಳಬೇಕು. ಬಾಡಿಗೆ ಮನೆ ಸಿಗದು. ನೆಂಟರ ಬಿಡಾರದ ನೆಲದ ಮೇಲೆ, ಕೆಲವರು ಒಣಗಿದ ಟಾಡ್ ನದಿಯ ಮರಳಲ್ಲಿ ಮಲಗಿ ಬೆಳಗ್ಗೆ ಎದ್ದು ಯಂತ್ರಕ್ಕೆ ಹೋದದ್ದುಂಟು. ಹೀಗೆ ಹೋದವರು ಯಾರು? ಐವತ್ತು ಅರವತ್ತು ದಾಟಿದವರು. ಎಂದರೆ ಹಾಡು ಗೊತ್ತಿದ್ದವರು, ಹಿಡಿದುಕೊಂಡಿರಬೇಕಾದವರು. ಒಬ್ಬ ಅಜ್ಜಿ ಹೋದರೆ ಅವಳ ಜೊತೆ ಒಂದು ಜಾಗದ ಕಥೆಯೂ ಪಟ್ಟಣ ಸೇರಿತು. ಅಜ್ಜಿಯನ್ನು ನೋಡಿಕೊಳ್ಳಲು ಮಗಳು, ಮಗಳ ಹಿಂದೆ ಮಕ್ಕಳು. ಊರಿನ ಶಾಲೆಯಲ್ಲಿ ಹಾಜರಿ ಕಡಿಮೆ. ಕೆಲವರು ಹೋಗುವುದೇ ಇಲ್ಲ ಎಂದು ಕೂತು ಊರಲ್ಲೇ ಸತ್ತರು. ಕೆಲವರು ಹೋಗಿ, ಊರಿನ ಒಂದು ಸಾವಿಗೆ ಬಂದು, ವಾಪಸು ಹೋಗದೆ ಸತ್ತರು. ಆಸ್ಪತ್ರೆಯ ಕಡತದಲ್ಲಿ ಅಂಥವರನ್ನು ‘ಚಿಕಿತ್ಸೆಗೆ ಸಹಕರಿಸದವರು’ ಎಂದು ಬರೆದುಕೊಳ್ಳುವುದು ರೂಢಿ. ನನಗೆ ಈ ಇಡೀ ಪ್ರಕರಣದಲ್ಲಿ ಅತಿ ಕೆಟ್ಟ ಸಂಕೇತ ಎನಿಸುವುದು ಆ ಎರಡು ಪದ.

ಪಟ್ಟಣದಲ್ಲಿ ಇನ್ನೊಂದು ಕಾಟ. ಹೆಸರಾಂತ ಚಿತ್ರಕಾರರು ಡಯಾಲಿಸಿಸ್‌ಗೆ ಬಂದು ಕೂತಿದ್ದಾರೆ, ಕೈಯಲ್ಲಿ ಕಾಸಿಲ್ಲ, ಊಟ ಹಾಕಬೇಕಾದ ನೆಂಟರು ಹತ್ತಾರು ಜನ. ದಳ್ಳಾಳಿಗಳು ಕಾರು ತಂದು ಕರೆದೊಯ್ದು, ಶೆಡ್ಡಿನಲ್ಲೋ ಮೋಟೆಲಿನಲ್ಲೋ ಕೂರಿಸಿ, ಚಿಲ್ಲರೆ ಹಣಕ್ಕೆ ಚಿತ್ರ ಬರೆಸಿಕೊಳ್ಳುತ್ತಿದ್ದರು. ಇಂಥವರಿಗೆ ಅಲ್ಲಿ ‘ಕಾರ್ಪೆಟ್‌ಬ್ಯಾಗರ್’ ಎನ್ನುತ್ತಾರೆ. 2007ರಲ್ಲಿ ಆಸ್ಟ್ರೇಲಿಯಾದ ಸೆನೆಟ್ ಸಮಿತಿಯ ವಿಚಾರಣೆಯಲ್ಲಿ ಈ ದಂಧೆಯ ಮಾತು ಬಂತು.

ಯಂತ್ರವನ್ನೇ ಊರಿಗೆ ತನ್ನಿ ಎಂದು ಕಿಂಟೋರಿನ ಹಿರಿಯರು ಕೇಳಿದರು. ಸರ್ಕಾರದ ಕಡೆಯ ಉತ್ತರವನ್ನು ನಾವೆಲ್ಲ ಊಹಿಸಬಲ್ಲೆವು: ದೂರ, ದುಬಾರಿ, ಅಪಾಯ. ಹಾಗಿದ್ದರೆ ನಾವೇ ಹಣ ಮಾಡುತ್ತೇವೆ ಎಂದರು ಇವರು. ಅವರ ಬಳಿ ಮಾರಲು ಇದ್ದದ್ದು ಒಂದೇ.

ಅದೇ 2000ದಲ್ಲಿ ನಡೆದ ಇನ್ನೊಂದು ಹರಾಜನ್ನು ಪಕ್ಕದಲ್ಲಿಟ್ಟು ನೋಡಬೇಕು. ಕಲಿಪಿನ್ಪ ಎಂಬ ತಾಣದ ನೀರಿನ ಕಥೆಯನ್ನು ಪಪುನ್ಯಾದ ಚಿತ್ರಕಾರರೊಬ್ಬರು 1972ರಲ್ಲಿ ಬರೆದು ಅಲ್ಪ ಮೊತ್ತಕ್ಕೆ ಕೊಟ್ಟಿದ್ದರು. 1997ರಲ್ಲಿ ಅದು 2,06,000 ಡಾಲರಿಗೆ ಹೋಯಿತು. 2000ದಲ್ಲಿ 4,86,500 ಡಾಲರಿಗೆ. ಎರಡು ಸಲವೂ ಲಾಭ ಮಾರಿದವರಿಗೆ. ಬರೆದವರು ಆಗ ಬದುಕಿದ್ದರು, ಬಡತನದಲ್ಲೇ. ಮುಂದಿನ ವರ್ಷ ತೀರಿಕೊಂಡರು. ಮರುಮಾರಾಟದಲ್ಲಿ ಕಲಾವಿದರಿಗೆ ಶೇ 5 ಕೊಡಬೇಕೆಂಬ ಕಾಯ್ದೆ ಆಸ್ಟ್ರೇಲಿಯಾದಲ್ಲಿ ಜಾರಿಗೆ ಬಂದದ್ದು 2010ರಲ್ಲಿ. ಇದನ್ನು ನೋಡಿದ ಮೇಲೆ ನವೆಂಬರಿನ ಹರಾಜು ದಾನದ ಕಾರ್ಯಕ್ರಮ ಎನಿಸುವುದಿಲ್ಲ. ಮಾರುಕಟ್ಟೆ ತಮ್ಮಿಂದ ಒಯ್ದದ್ದರಲ್ಲಿ ಒಂದು ಪಾಲನ್ನು ಅದೇ ಮಾರುಕಟ್ಟೆಯ ಬಾಯಿಂದ ಕಿತ್ತು ತಂದಂತೆ ಇದೆ.

ನಾಲ್ಕೂ ಕೂಡಿ ಬರೆದವು ಎಂದೆ. ಇದು ಸಣ್ಣ ಮಾತಲ್ಲ. ಗಂಡಸರ ಕಥೆಯನ್ನು ಹೆಂಗಸರು ಬರೆಯುವಂತಿಲ್ಲ, ಹೆಂಗಸರದ್ದನ್ನು ಗಂಡಸರು ಬರೆಯುವಂತಿಲ್ಲ. ಒಬ್ಬರ ಜಾಗವನ್ನು ಇನ್ನೊಬ್ಬರು ಕೇಳದೆ ಬರೆಯುವಂತಿಲ್ಲ. ಈ ಊರುಗಳ ಹೆಂಗಸರು ತಾವಾಗಿ ಕ್ಯಾನ್ವಾಸ್ ಹಿಡಿದದ್ದೇ 1990ರ ದಶಕದ ನಡುವಿನಲ್ಲಿ. ಐದಾರು ವರ್ಷಗಳಲ್ಲಿ ಅವರ ಚಿತ್ರ ಗಂಡಸರದ್ದಕ್ಕೆ ಸಮವಾಗಿ ಹರಾಜಿನ ಕಟ್ಟೆ ಏರಿತ್ತು. ಒಂದೇ ಕ್ಯಾನ್ವಾಸಿನ ಮೇಲೆ ಹಲವರು ತಮ್ಮ ತಮ್ಮ ಙುರವನ್ನು ಬರೆದು, ನಡುವೆ ಗೆರೆ ಎಳೆದು ಕೂಡಿಸಿದಾಗ ಅದು ಊರಿನ ವಲ್ಜದ ನಕಾಶೆಯಾಗುತ್ತದೆ: ಯಾರು ಯಾರಿಗೆ ಏನಾಗಬೇಕು, ಯಾರ ದಾರಿ ಯಾರ ನೀರಿನ ಬಳಿ ಹಾದುಹೋಗುತ್ತದೆ. ಕಿಡ್ನಿ ರೋಗಿಯನ್ನು ಪಟ್ಟಣಕ್ಕೆ ಕಳಿಸಿದಾಗ ಹರಿದುಹೋಗುತ್ತಿದ್ದದ್ದು ಈ ನಕಾಶೆಯೇ. ಹಾಗಾಗಿ ಚಿತ್ರದಲ್ಲಿ ರೋಗ ಕಾಣದಿದ್ದರೂ ಚಿತ್ರ ರೋಗದ ಕುರಿತೇ ಇದೆ. ಎಲ್ಲಿ ಇರಬೇಕೋ ಅಲ್ಲಿ ಇದ್ದರೆ ಹೇಗಿರುತ್ತದೆ ಎಂಬುದನ್ನು ಅದು ತೋರಿಸುತ್ತದೆ.

ಹಣ ಬಂದ ಮೇಲೂ ಯಂತ್ರ ಬರಲು ನಾಲ್ಕು ವರ್ಷ ಹಿಡಿಯಿತು. 2003ರಲ್ಲಿ ಡಯಾಲಿಸಿಸ್ ನಡೆಸುವ ಸಂಸ್ಥೆಯ ನೋಂದಣಿಯಾಯಿತು. ಹೆಸರು: ವೆಸ್ಟರ್ನ್ ಡೆಸರ್ಟ್ ಙನಂಪ ವಲ್ಜ ಪಲ್ಯಂಜಾಕು ಜುಟಾಕು. ಅರ್ಥ, ‘ನಮ್ಮ ವಲ್ಜವನ್ನೆಲ್ಲ ನೆಟ್ಟಗೆ ಮಾಡುವುದಕ್ಕೆ’. ಕಿಡ್ನಿ ಎಂಬ ಪದ ಚಿತ್ರದಲ್ಲಿ ಇಲ್ಲದಂತೆ ಹೆಸರಲ್ಲೂ ಇಲ್ಲ. ಸಾರಾ ಬ್ರೌನ್ ಎಂಬ ನರ್ಸ್ ಇದನ್ನು ಮೊದಲಿನಿಂದ ನಡೆಸಿಕೊಂಡು ಬಂದರು. ಆದರೆ ತೀರ್ಮಾನ ಮಾಡುವ ನಿರ್ದೇಶಕರು ಮರುಭೂಮಿಯ ಊರಿನವರು, ಅವರಲ್ಲಿ ಹಲವರು ಸ್ವತಃ ರೋಗಿಗಳು. ಕಿಂಟೋರಿನಲ್ಲಿ ಡಯಾಲಿಸಿಸ್ ಶುರುವಾದದ್ದು 2004ರಲ್ಲಿ.

ಯಂತ್ರ ತರುವುದು ಸುಲಭದ ಭಾಗ. ಒಬ್ಬರಿಗೆ ಒಂದು ಸಲಕ್ಕೆ ಸುಮಾರು 120 ಲೀಟರ್ ಶುದ್ಧ ನೀರು ಬೇಕು. ಸೋಸುವಾಗ ಪೋಲಾಗುವುದು ಬೇರೆ. ಮರುಭೂಮಿಯ ಬೋರ್‌ವೆಲ್ ನೀರು ಖನಿಜಗಳಿಂದ ಗಡಸು. ಆರ್‌ಒ ಘಟಕದ ಫಿಲ್ಟರನ್ನು ಬೇಗ ಕಟ್ಟಿಸಿಬಿಡುತ್ತದೆ. ಕರೆಂಟು ಜನರೇಟರಿನದು. ನರ್ಸಿಗೆ ಉಳಿಯಲು ಮನೆ ಬೇಕು. ಮನೆಯಿಲ್ಲದಿದ್ದರೆ ನರ್ಸಿಲ್ಲ, ನರ್ಸಿಲ್ಲದಿದ್ದರೆ ಯಂತ್ರ ಪೆಟ್ಟಿಗೆ. ನೀರಿನ ಹೊಂಡಗಳನ್ನು ವೃತ್ತವಾಗಿ ಬರೆದ ಜನಕ್ಕೆ ನೀರೇ ಮತ್ತೆ ಲೆಕ್ಕದ ಮೊದಲ ಸಾಲಾಯಿತು. ಶುರುವಿನಲ್ಲಿ ಎಲ್ಲರಿಗೂ ಕುರ್ಚಿ ಸಾಲದು, ಸರದಿ ಮಾಡಿಕೊಂಡರು: ಕೆಲವು ವಾರ ಊರಲ್ಲಿ, ಕೆಲವು ವಾರ ಆಲಿಸ್‌ನಲ್ಲಿ.

ಪಟ್ಟಣದಲ್ಲಿ ಉಳಿಯಬೇಕಾದವರಿಗೆ ಒಂದು ಮನೆ ಮಾಡಿ ನೇರಳೆ ಬಣ್ಣ ಹೊಡೆಸಿದರು. ಇಂದು ಇಡೀ ಸಂಸ್ಥೆಯನ್ನು ಜನ ಕರೆಯುವುದು ಪರ್ಪಲ್ ಹೌಸ್ ಎಂದೇ. ಅದರ ಅಂಗಳದಲ್ಲಿ ಬೆಂಕಿ ಇರುತ್ತದೆ. ಕಾಂಗರೂ ಬಾಲವನ್ನು ಕೆಂಡದಲ್ಲಿ ಹೂತು ಸುಡುತ್ತಾರೆ. ಒಳಗೆ ಯಂತ್ರಗಳು ಗುಂಯ್‌ಗುಡುತ್ತಿರುತ್ತವೆ. ಕಾಡಿನ ಗಿಡಮೂಲಿಕೆ ಅರೆದು ಮುಲಾಮು ಮಾಡಿ ಮಾರುವುದೂ ಉಂಟು, ಙಂಕರಿ ಎಂಬ ನಾಟಿ ವೈದ್ಯರೂ ಬಂದು ಹೋಗುತ್ತಾರೆ. ಆಸ್ಪತ್ರೆಯಲ್ಲಿ ಬೆಂಕಿ ಹಾಕುವಂತಿಲ್ಲ ಎಂಬುದನ್ನು ನೆನೆದರೆ, ಆ ಅಂಗಳದ ಬೆಂಕಿಯ ಸುತ್ತ ಕೂತವರ ಸಾಲು ಮೇಲಿನಿಂದ ಹೇಗೆ ಕಂಡೀತು ಎಂದು ಹೇಳಬೇಕಿಲ್ಲ: ನಡುವೆ ವೃತ್ತ, ಸುತ್ತ ಕುದುರೆಲಾಳದ ಗುರುತುಗಳು. ಪರರ ಸೀಮೆಯಲ್ಲಿ ಎರವಲು ತಂದ ಙುರ.

2009ರಲ್ಲಿ ಗಡಿಯ ತೊಡಕು ಎದ್ದಿತು. ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಕುರ್ಚಿ ಸಾಲದೆಂದು ನಾರ್ದರ್ನ್ ಟೆರಿಟರಿ ಸರ್ಕಾರ ಪಕ್ಕದ ರಾಜ್ಯಗಳ ಹೊಸ ರೋಗಿಗಳಿಗೆ ಬಾಗಿಲು ಹಾಕಿತು. ಕಿವಿರ್‌ಕುರಾದವರು ಸಾವಿರ ಕಿಲೋಮೀಟರಿಗೂ ಆಚೆಯ ಪರ್ತ್‌ಗೆ ಹೋಗಬೇಕೆಂದಾಯಿತು. ಅಲ್ಲಿ ಅವರ ಮಾತು ಆಡುವವರಿಲ್ಲ, ನೆಂಟರಿಲ್ಲ. ಕಿಂಟೋರೂ ಕಿವಿರ್‌ಕುರಾವೂ ಒಂದೇ ವಲ್ಜ, ಒಂದೇ ಟಿಂಗಾರಿ ದಾರಿ. ಆ ದಾರಿಯ ಯಾವ ಚಿತ್ರದಲ್ಲೂ ರಾಜ್ಯದ ಗಡಿಗೆರೆ ಇಲ್ಲ. ಸರ್ಕಾರಿ ನಕಾಶೆ ಒಂದು ಕಡೆ, ಕ್ಯಾನ್ವಾಸಿನ ನಕಾಶೆ ಒಂದು ಕಡೆ ಎಳೆದಾಗ ನಡುವೆ ಸಿಕ್ಕಿಬಿದ್ದದ್ದು ಮನುಷ್ಯರ ರಕ್ತ. ಬಹಳ ಜಗ್ಗಾಟದ ಮೇಲೆ ಸರ್ಕಾರಗಳು ಒಂದಿಷ್ಟು ಬಗ್ಗಿದವು. ಮುಂದೆ ಕಿವಿರ್‌ಕುರಾದಲ್ಲೇ ಕುರ್ಚಿಗಳು ಬಂದವು.

2011ರಲ್ಲಿ ಡಯಾಲಿಸಿಸ್ ಯಂತ್ರಗಳನ್ನು ಒಳಗಿಟ್ಟುಕೊಂಡ ಒಂದು ಟ್ರಕ್ಕು ಓಡತೊಡಗಿತು, ಪರ್ಪಲ್ ಟ್ರಕ್. ಕ್ಲಿನಿಕ್ ಇಲ್ಲದ ಊರಿನ ರೋಗಿ ಒಂದೆರಡು ವಾರವಾದರೂ ಮನೆಗೆ ಹೋಗಿ ಬರಲಿ, ಯಾರದೋ ತಿಥಿಗೋ ಹಬ್ಬಕ್ಕೋ ಸಿಗಲಿ ಎಂದು. ಯುಎಂಡುಮು ಎಂಬ, ವಾರ್ಲ್‌ಪಿರಿ ಜನರ ಊರಿನವರು ತಮಗೆ ಬರುವ ಗಣಿ ರಾಯಧನವನ್ನು ಹಾಕಿ ತಮ್ಮಲ್ಲೂ ಘಟಕ ಮಾಡಿಸಿಕೊಂಡರು. ಹೀಗೆ ಒಂದೊಂದಾಗಿ ಹರಡುತ್ತಾ ಹೋಯಿತು. ಕೊನೆಗೆ 2018ರ ನವೆಂಬರಿನಲ್ಲಿ, ದೂರದ ಊರುಗಳ ಡಯಾಲಿಸಿಸ್‌ಗೆ ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ವಿಮೆಯಿಂದ ಹಣ ಕೊಡುವ ಹೊಸ ಬಾಬ್ತು ಸೇರಿತು. ಹರಾಜಿನಿಂದ ಹದಿನೆಂಟು ವರ್ಷ. ಒಂದು ಕಾಲಕ್ಕೆ ಡಯಾಲಿಸಿಸ್ ಮೇಲಿದ್ದವರು ದೇಶದಲ್ಲೇ ಅತಿ ಬೇಗ ಸಾಯುತ್ತಿದ್ದದ್ದು ಮಧ್ಯ ಆಸ್ಟ್ರೇಲಿಯಾದಲ್ಲಿ. ಈಗ ಅತಿ ಹೆಚ್ಚು ಕಾಲ ಬದುಕುವವರ ಸಾಲಿಗೆ ಬಂದಿದ್ದಾರೆ ಎಂದು ಸಂಸ್ಥೆ ಹೇಳುತ್ತದೆ.

ಈ ಕಥೆಯನ್ನು ‘ಕಲೆ ಗುಣಪಡಿಸಿತು’ ಎಂದು ಹೇಳುವವರನ್ನು ಕಂಡರೆ ನನಗೆ ಸಣ್ಣ ಕಸಿವಿಸಿ. ರಕ್ತ ಸೋಸಿದ್ದು ಯಂತ್ರ. ನೀರು ಸೋಸಿದ್ದು ಆರ್‌ಒ. ಸೂಜಿ ಚುಚ್ಚಿದ್ದು ನರ್ಸು. ಪಟ್ಟಣದವನಿಗೆ ತೆರಿಗೆ ದುಡ್ಡಲ್ಲಿ ಸಿಗುವ ಚಿಕಿತ್ಸೆಗೆ ಮರುಭೂಮಿಯವನು ತನ್ನ ಅಜ್ಜನ ಕಥೆಯನ್ನು ಹರಾಜು ಹಾಕಬೇಕಾಯಿತು ಎಂಬುದರಲ್ಲಿ ಹೆಮ್ಮೆ ಪಡಲು ಆ ದೇಶಕ್ಕೆ ಏನೂ ಇಲ್ಲ. ಚಿತ್ರ ಮಾಡಿದ್ದು ಬೇರೆ ಕೆಲಸ: ಕುರ್ಚಿ ಎಲ್ಲಿರಬೇಕು ಎಂಬುದನ್ನು ಅದು ತೀರ್ಮಾನಿಸಿತು. ಆಡಳಿತದ ಲೆಕ್ಕದಲ್ಲಿ ರೋಗಿ ಯಂತ್ರದ ಬಳಿ ಹೋಗಬೇಕು. ಕ್ಯಾನ್ವಾಸಿನ ಲೆಕ್ಕದಲ್ಲಿ ಮನುಷ್ಯ ಕೂತ ಜಾಗ ಕದಲುವುದಿಲ್ಲ, ಉಳಿದದ್ದು ಅದರ ಬಳಿಗೆ ಬರಬೇಕು.

ಡಯಾಲಿಸಿಸ್‌ಗೆ ಮುಂಚೆ ತೋಳಿನ ರಕ್ತನಾಳಗಳನ್ನು ಕೂಡಿಸಿ ಫಿಸ್ಟುಲಾ ಮಾಡುತ್ತಾರೆ. ಸೂಜಿ ಚುಚ್ಚುವುದು ಅಲ್ಲಿಗೆ. ಸಾಮಾನ್ಯವಾಗಿ ಕೆಲಸ ಮಾಡುವ ಕೈಯನ್ನು ಬಿಟ್ಟು ಇನ್ನೊಂದು ಕೈಗೆ ಮಾಡುವುದು ವೈದ್ಯರ ರೂಢಿ. ಬಲಗೈಯಲ್ಲಿ ಕಡ್ಡಿ ಹಿಡಿಯುವವರಿಗೆ ಎಡಗೈಗೆ. ಕುರ್ಚಿಯಲ್ಲಿ ಕಟ್ಟಿಹಾಕಿದಂತೆ ಕೂತ ಆ ನಾಲ್ಕೈದು ಗಂಟೆ ಚಿತ್ರ ಸಾಗದು, ನೆಲಕ್ಕೆ ಇಳಿಯುವಂತಿಲ್ಲ. ವಾರದಲ್ಲಿ ಮೂರು ದಿನ ಹಾಗೆ. ಉಳಿದ ನಾಲ್ಕು ದಿನ ಕಿಂಟೋರಿನಲ್ಲಿ ಕ್ಯಾನ್ವಾಸು ನೆಲದ ಮೇಲಿರುತ್ತದೆ, ಮೊಮ್ಮಕ್ಕಳು ಪಕ್ಕದಲ್ಲಿರುತ್ತಾರೆ.